ಹೊಳೆದಂಡೆಯ ಭಂಡಾರ

ತಂಗಡಗಿಯ ಹೊಳೆದಂಡೆಯಲ್ಲಿ ಶಂಕ್ರೆವ್ವ ಬೀರಪ್ಪ ದೇವರ ಭಂಡಾರದ, ಅಂದರೆ ಪೂಜೆಯ ಅರಿಸಿನದ, ಚೀಲವನ್ನು ನೀರಿಗೆ ಸುರಿದಳೋ ಇಲ್ಲವೋ, ಎದುರುಗಾಳಿ ಅದನ್ನೆಲ್ಲ ಅವಳ ಮೇಲೆಯೇ ತೂರಿತು. ಕೃಷ್ಣೆ, ಆಚೆ ದಡ, ಮೇಯುವ ಕುರಿಗಳು, ಎಲ್ಲ ಹಳದಿ ಮಂಜಿನೊಳಗೆ ತೇಲತೊಡಗಿದವು. "ಸಾಕಪಾ ಬೀರಪ್ಪ, ನಿನ್ನ ಸೇವಾ ಇಲ್ಲಿಗೆ ಮುಗೀತು" ಎಂದು ಆಗಷ್ಟೇ ಹೇಳಿದ್ದ ಬಾಯಿಯ ತುಂಬ ಅರಿಸಿನ.

೧೯೯೭ರ ಬೇಸಿಗೆಯಲ್ಲಿ ವಾಂತಿಭೇದಿಯಿಂದ ಅದೇ ಊರಿನ ಇಂದುಬಾಯಿಯ ಮಗಳು ತೀರಿಕೊಂಡಾಗ, ಶಂಕ್ರೆವ್ವ ಮಾಟ ಮಾಡಿದಳೆಂದು ಊರವರು ಅವಳ ತಲೆ ಬೋಳಿಸಿದ್ದರು. ಅಡ್ಡ ಬಂದ ಗಂಡ ಸೋಮನಿಂಗ ಬಡಿತ ತಿಂದು ಎಂಟನೆಯ ದಿನ ಸತ್ತ. ಆಮೇಲೆ ಎರಡು ವರ್ಷ ಯಾರೂ ಅವಳೊಡನೆ ಮಾತಾಡಲಿಲ್ಲ. ಆದರೂ ಅವಳು ದಿನಾ ಹಣೆಗೆ ಭಂಡಾರ ಹಚ್ಚುವುದನ್ನು ಬಿಟ್ಟಿರಲಿಲ್ಲ. ಇಂದು ಬೆಳಗ್ಗೆ ಮಾತ್ರ ಬೆರಳು ಹಣೆಯ ತನಕ ಏಳಲಿಲ್ಲ.

"ಕಣ್ಣಾಗ ಬಿತ್ತೇನಕ್ಕಾ?"

ಯಾರೋ ಒದ್ದೆ ಸೆರಗಿನಿಂದ ಅವಳ ಕಣ್ಣೊರೆಸುತ್ತಿದ್ದರು. ಹಳದಿ ತಿಳಿಯಾದಾಗ ಎದುರಿಗೆ ಇಂದುಬಾಯಿ, ಕೊಡ ಕೆಳಗಿಟ್ಟು ನಿಂತಿದ್ದಳು. "ಅವತ್ತ ನಾನೇ ನಿನ್ನ ಹೆಸರ ಹೇಳಿದೆ. ನೀರು ಕೆಟ್ಟಿತ್ತು ಅಂತ ಆಮ್ಯಾಲ ಗೊತ್ತಾತು, ಬಾಯಿ ಬಿಡಲಿಲ್ಲ. ಇವತ್ತ ಅಗಸಿ ಕಟ್ಟಿ ಮ್ಯಾಲ ಎಲ್ಲಾರ ಮುಂದ ಹೇಳತೇನಿ. ಭಾಳ ಅಂಜಿಕಿ ಆಗೇತಿ. ಒಂದ ಬೊಟ್ಟ ಭಂಡಾರ ಹಚ್ಚಕ್ಕಾ."

ಅವಳನ್ನು ಹೊಳೆಗೆ ನೂಕಿಬಿಡಬೇಕೆನ್ನಿಸಿ ಶಂಕ್ರೆವ್ವನ ಕೈ ಎದ್ದಿತು. ಗಾಳಿಯಲ್ಲೇ ನಿಂತಿತು. ಬಳಿಕ ಹೆಬ್ಬೆರಳು ತನ್ನ ಕೆನ್ನೆಯಿಂದ ಅರಿಸಿನ ಬಳಿದುಕೊಂಡು ಇಂದುಬಾಯಿಯ ಹಣೆಗೆ ಒತ್ತಿತು. ಶಂಕ್ರೆವ್ವನಿಗೆ ಅರಿವಿಲ್ಲದೆಯೇ ಮಾತು ಹೊರಟಿತು: "ಬೀರಪ್ಪಾ, ಇಕಿ ಬಾಯಾಗ ನೀ ನಿಂದ್ರಪಾ."