ತೊಮೊಮಿಚಿಯ ಸಹಿ

ಇಸೊಗಾಯಿ ಕತ್ತಿಗೆ ತಲೆಬಾಗಲಿಲ್ಲ. ನಿಜವಾದ ಕತ್ತಿಯಾದರೆ ಮುಟ್ಟುವ ಮೊದಲು ನಮಿಸುವುದು ರೂಢಿ. ಕತ್ತಿ ಪರೀಕ್ಷೆಗೆಂದು ಕೋಣೆಯಲ್ಲಿ ಸೇರಿದ್ದ ಹನ್ನೊಂದು ಜನರಿಗೂ ಅಷ್ಟರಲ್ಲೇ ಅರ್ಥವಾಯಿತು. ಚಿಗುಸ ತಂದ ಕತ್ತಿಯನ್ನು ಮುಟ್ಟುವ ಮೊದಲೇ ಇಸೊಗಾಯಿ ಅನುಮಾನಿಸಿದ್ದರು.

ಅನುಮಾನಿಸದೆ ಇನ್ನೇನು? ಒಕಯಾಮದಲ್ಲಿ ಹಳೆಯ ಕತ್ತಿಯ ಬಗ್ಗೆ ಇಸೊಗಾಯಿ ಹೇಳಿದ್ದೇ ಕೊನೆಯ ಮಾತು. ಆದರೆ ತೊಮೊಮಿಚಿ ಎಂಬ ಕಮ್ಮಾರನ ಹೆಸರೆತ್ತಿದರೆ ಆ ಮನುಷ್ಯನ ಮೈಯೆಲ್ಲ ಕಣ್ಣು. ಮಹಾಯುದ್ಧದಲ್ಲಿ ದೇಶ ಸೋತ ವರ್ಷ ಮನೆಮನೆಯ ಕತ್ತಿಗಳನ್ನು ಅಮೆರಿಕನ್ನರಿಗೆ ಒಪ್ಪಿಸಬೇಕಾಗಿ ಬಂದಾಗ ಅವರ ಮನೆಯಲ್ಲಿದ್ದ ತೊಮೊಮಿಚಿಯ ಕತ್ತಿಯೂ ಹೋಗಿತ್ತು. ಆಗ ಅವರಿಗೆ ಆರು ವರ್ಷ. ಅದನ್ನು ಒರೆಯಿಂದ ಹೊರಗೆ ಕಂಡದ್ದೇ ಇಲ್ಲ. ಸಾಯುತ್ತಿದ್ದ ಅಪ್ಪನಿಗೆ ಅದನ್ನು ಮರಳಿ ತರುತ್ತೇನೆಂದು ಮಾತು ಕೊಟ್ಟು, ಮೂವತ್ತು ವರ್ಷದಿಂದ ಹುಡುಕುತ್ತಿದ್ದರು. ಹುಡುಕುವವರು ಇದ್ದಾರೆಂದ ಮೇಲೆ ತಂದು ತೋರಿಸುವವರಿಗೇನು ಬರ? ಖೋಟಾ ಸಹಿಯ ಕತ್ತಿಗಳು ಒಂದರ ಹಿಂದೊಂದು ಬಂದವು. ಎರಡು ಸಲ ನಂಬಿ, ಊರೆಲ್ಲ ನಗುವಂತಾಯಿತು. ಆಮೇಲೆ ಅವರು ನಂಬುವುದನ್ನೇ ಬಿಟ್ಟರು.

ಅಂಥ ಮನುಷ್ಯನ ಮುಂದೆ ಚಿಗುಸ ತೊಮೊಮಿಚಿಯ ಸಹಿಯಿರುವ ಕತ್ತಿಯನ್ನೇ ಇಟ್ಟಿದ್ದಳು.

"ಮಿಝೊಗುಚಿ ಮಗಳಲ್ವೇನಮ್ಮ ನೀನು?" ಎಂದರು ಇಸೊಗಾಯಿ.

"ಹೌದು ಗುರುಗಳೇ."

"ಅಪ್ಪನ ಹಾಗೇ ಕತ್ತಿಗೆ ಸಾಣೆ ಹಿಡೀತೀಯಂತೆ. ಕೈ ಚುರುಕು ಅಂತ ಕೇಳಿದೀನಿ. ಎಷ್ಟು ಚುರುಕು ಅಂತ ಈಗ ನೋಡೋಣ."

ಕೆಲವರು ಕಿಸಕ್ಕೆಂದರು. ಚಿಗುಸ ಚಾಪೆಯನ್ನೇ ನೋಡುತ್ತ ಕುಳಿತಳು. ಇದೇ ಚಾಪೆಯ ಮೇಲೆ ಅವಳ ಅಪ್ಪ ಕುಳಿತಿದ್ದ. ತಲೆತಲಾಂತರದಿಂದ ಮನೆಯಲ್ಲಿದ್ದ ಕತ್ತಿಯನ್ನು ಹೆಮ್ಮೆಯಿಂದ ತಂದಿದ್ದ. ಅಲಗು ಚೆನ್ನಾಗಿದೆ, ಸಹಿ ಸುಳ್ಳು ಎಂದಿದ್ದರು ಇಸೊಗಾಯಿ. ಸುಳ್ಳು ಸಹಿ ಕತ್ತಿಗೆ ಅವಮಾನ, ಅದನ್ನು ಅರದಿಂದ ಉಜ್ಜಿ ತೆಗೆಯುವುದೇ ರೂಢಿ. ಅಪ್ಪ ತಾನೇ ಉಜ್ಜಿದ. ಎರಡು ವರ್ಷದ ಮೇಲೆ ದೇವಾಲಯವೊಂದರ ಹಳೆಯ ಪುಸ್ತಕದಲ್ಲಿ ಅದೇ ಸಹಿಯ ಅಚ್ಚು ಸಿಕ್ಕಿತು. ಸಹಿ ನಿಜವಾಗಿತ್ತು. ಇಸೊಗಾಯಿ ಕ್ಷಮೆ ಕೇಳಲಿಲ್ಲ. "ಆಗಿದ್ದು ಆಗಿಹೋಯ್ತು ಬಿಡಿ" ಎಂದರು, ಅಷ್ಟೇ. ಅಪ್ಪ ಮತ್ತೆ ಸಾಣೆಕಲ್ಲು ಮುಟ್ಟಲಿಲ್ಲ. ಆ ಚಳಿಗಾಲ ದಾಟಲೂ ಇಲ್ಲ.

ಅಂದಿನಿಂದ ಚಿಗುಸಳ ಎದೆಯಲ್ಲಿದ್ದದ್ದು ದ್ವೇಷ, ಬೇರೇನಲ್ಲ. ಅವಳಿಗೆ ಬೇಕಾದದ್ದೂ ಒಂದೇ. ಈ ಮನುಷ್ಯ ಇದೇ ಕೋಣೆಯಲ್ಲಿ, ಎಲ್ಲರೆದುರು, ತನ್ನ ಬಾಯಿಂದಲೇ ತಪ್ಪು ತೀರ್ಪು ಕೊಡಬೇಕು. ಅದಕ್ಕಾಗಿ ಈ ಕತ್ತಿಯ ಹಿಡಿಯೊಳಗೆ ಅಡಗಿರುವ ಬುಡದ ತುಕ್ಕಿನ ಮೇಲೆ ಮೂರು ತಿಂಗಳು ದುಡಿದಿದ್ದಳು. ಚಹಾದ ಗಷ್ಟನ್ನು ಕುದಿಸಿದಳು, ಬಳಿದಳು, ಒಣಗಿಸಿದಳು, ಬಣ್ಣ ನೋಡಿದಳು, ಮತ್ತೆ ಬಳಿದಳು. ಬೇಕಾದಷ್ಟೇ ಕೂತಿತು ಎನ್ನಿಸಿದ ದಿನ ಅಪ್ಪನ ಪಟದ ಮುಂದೆ ಊದುಬತ್ತಿ ಹಚ್ಚಿ, ಕತ್ತಿಯನ್ನು ರೇಷ್ಮೆ ಚೀಲಕ್ಕೆ ಸೇರಿಸಿದಳು.

ಇಸೊಗಾಯಿ ಬಿದಿರಿನ ಮೊಳೆ ತೆಗೆದು ಹಿಡಿಯನ್ನು ಕಳಚಿದರು. ಸಹಿಯಿದ್ದ ಬುಡವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಗಳಿಗೆ ಅವರ ಉಸಿರು ನಿಂತಂತಿತ್ತು.

ನಿವೃತ್ತ ಶಾಲಾಮಾಸ್ತರ ನಿಶಿಗೋರಿ ಮೆಲ್ಲಗೆ, "ಅಲಗು ಒಮ್ಮೆ ಸರಿಯಾಗಿ ನೋಡಿಬಿಡಿ ಇಸೊಗಾಯಿ ಅವರೇ. ಉಕ್ಕಿನ ಪದರ ಯಾಕೋ ನಿಜವಾಗ್ಲೂ ಹಳೇದೇ ಅನ್ನಿಸ್ತಿದೆ..." ಎಂದರು.

"ಅಲಗು ಹಳೇದೇ ಇರಬಹುದು. ಹಳೇ ಅಲಗಿಗೆ ಹೊಸ ಸಹಿ ಕೆತ್ತೋದು ಯಾವ ದೊಡ್ಡ ವಿದ್ಯೆ?" ಇಸೊಗಾಯಿ ಬುಡವನ್ನು ಮೂಸಿದರು. ಬೆರಳಿಂದ ಉಜ್ಜಿ ನಾಲಿಗೆಗೆ ಹಚ್ಚಿದರು. ಮುಖ ಅರಳಿತು. "ಒಗರು. ಚಹಾ. ಹೊಸ ಸಹಿಯನ್ನ ಹಳೇ ತುಕ್ಕಿನ ಹಾಗೆ ಕಾಣಿಸೋಕೆ ಖೋಟಾದವರು ಬಳಿಯೋದು ಇದನ್ನೇ. ಏನಮ್ಮಾ, ಹಾಲು ಸಕ್ಕರೆ ಹಾಕೋದು ಮರೆತ್ಯಾ?"

ಕೋಣೆ ಗೊಳ್ಳೆಂದಿತು. ಚಿಗುಸಳ ಕಿವಿ ಕೆಂಪಗಾಯಿತು.

"ನಿಮ್ಮ ತೀರ್ಪೇನು ಗುರುಗಳೇ?"

"ಸುಳ್ಳು ಸಹಿ. ಬರೆದುಕೊಳ್ಳಿ ಎಲ್ಲರೂ."

"ಖಚಿತವಾಗಿ?"

"ಅಪ್ಪನ ಸೇಡು ತೀರಿಸೋಕೆ ಬಂದಿದೀಯ, ನಂಗೇನು ಗೊತ್ತಾಗಲ್ವಾ? ಈ ಹೆಸರು ಕಂಡ ಕೂಡ್ಲೆ ನಾನು ಎದೆಗೊತ್ತಿಕೊಂಡು ಅಳ್ತೀನಿ, ನಾಳೆ ನೀನು ಊರೆಲ್ಲ ಡಂಗುರ ಸಾರ್ತೀಯ. ಅಲ್ವಾ?" ಮೇಜಿನ ಖಾನೆಯಿಂದ ಅರವನ್ನು ತೆಗೆದು ಅವಳತ್ತ ಸರಿಸಿದರು. "ಖೋಟಾ ಸಹಿ ಈ ಕೋಣೆಯಿಂದ ಹಾಗೇ ಆಚೆ ಹೋಗಲ್ಲ. ಉಜ್ಜು."

ಚಿಗುಸ ಅರವನ್ನು ಮುಟ್ಟಲಿಲ್ಲ. "ನನ್ನ ಕೈಲಾಗಲ್ಲ. ಒಪ್ಪಿಗೆ ಇದೆ. ನೀವೇ ಉಜ್ಜಿಬಿಡಿ."

ಇಸೊಗಾಯಿಗೆ ಅದಕ್ಕಿಂತ ಬೇರೇನು ಬೇಕಿತ್ತು? ಅಂಗಿಯ ತೋಳು ಮಡಿಚಿ ಬುಡವನ್ನು ಮಣೆಗೊತ್ತಿ ಹಿಡಿದರು. ಅರ ಕಿರುಗುಟ್ಟಿತು. ಮೊದಲ ಅಕ್ಷರ ಮಸುಕಾಯಿತು, ಆಮೇಲೆ ಎರಡನೆಯದು. ಕಂದು ಪುಡಿ ಬಿಳಿ ಕಾಗದದ ಮೇಲೆ ಉದುರಿತು. ಸಾಣೆ ಹಿಡಿಯುವವಳಿಗೆ ಆ ಸದ್ದು ಸಹಿಸಲಾಗುವುದಿಲ್ಲ. ಚಿಗುಸಳ ಕಣ್ಣಲ್ಲಿ ನೀರು ಬಂತು, ಅವಳು ಒರೆಸಿಕೊಳ್ಳಲಿಲ್ಲ.

"ಅಳಬೇಡಮ್ಮ," ಎಂದರು ಇಸೊಗಾಯಿ ಅರ ಕೆಳಗಿಟ್ಟು. "ಆಗಿದ್ದು ಆಗಿಹೋಯ್ತು."

ಚಿಗುಸ ಬುಡದ ಮೇಲೆ ಹೊಳೆಯುತ್ತಿದ್ದ ಬೋಳು ಜಾಗವನ್ನು ನೋಡಿದಳು. ಪೂರ್ತಿ ಹೋಗಿತ್ತು. ಆಗ ನೇರ ಕುಳಿತಳು.

"ಇದು ಅಮೆರಿಕದ ಆರೆಗನ್‌ನಿಂದ ಬಂದಿದ್ದು ಗುರುಗಳೇ. ಒಬ್ಬ ಸಿಪಾಯಿಯ ಹೆಂಡತಿ, ಗಂಡ ಸತ್ತ ಮೇಲೆ, ಸಾಣೆ ಹಿಡಿಯೋಳು ಅಂತ ನಂಗೆ ಕಳಿಸಿದ್ಲು. ಅವನು ಇಲ್ಲಿಂದ ಒಯ್ದಿದ್ದನ್ನ ಪೆಟ್ಟಿಗೇಲಿ ಇದ್ದ ಹಾಗೇ ಇಟ್ಟಿದ್ದನಂತೆ. ಸಹಿ ನಾನು ಕೆತ್ತಿಲ್ಲ. ನಾಲ್ಕು ನೂರು ವರ್ಷದ ತುಕ್ಕಿನ ಮೇಲೆ ಒಂದಿಷ್ಟು ಚಹಾ ಬಳಿದೆ ಅಷ್ಟೇ, ನಿಮ್ಮ ನಾಲಿಗೆಗೆ ಸಿಗಲಿ ಅಂತ."

ಕತ್ತಿ ಒಪ್ಪಿಸಿದ ದಿನ ಪೊಲೀಸ್ ಠಾಣೆಯಲ್ಲಿ ಒರೆಗೆ ಕಟ್ಟಿದ್ದ ಮರದ ಪಟ್ಟಿಯನ್ನು ಅವಳು ಅಂಗಿಯ ತೋಳಿನೊಳಗಿಂದ ತೆಗೆದು, ಕಂದು ಪುಡಿಯ ಪಕ್ಕದಲ್ಲಿಟ್ಟಳು. ಶಾಯಿ ಮಾಸಿತ್ತು. ಆದರೆ ಅಕ್ಷರ ಯಾರದೆಂದು ಇಸೊಗಾಯಿಗೆ ಯಾರೂ ಹೇಳಬೇಕಾಗಿರಲಿಲ್ಲ:

'ಇಸೊಗಾಯಿ ಮನೆಯ ತೊಮೊಮಿಚಿ. ಮಗ ಇನ್ನೂ ಚಿಕ್ಕವನು, ದೊಡ್ಡವನಾದ ಮೇಲೆ ದಯವಿಟ್ಟು ಅವನ ಕೈಗೆ ಕೊಡಿ.'