ಡಾಂಬರು ಮೆತ್ತಿದ ತೂತು

ಮೊನ್ನೆ ತಾರಸಿಯ ನೀರಿನ ಟ್ಯಾಂಕಿನ ಬಿರುಕಿಗೆ ಫೈಬರ್ ಅಂಟು ಹಚ್ಚಿಸುವಾಗ ಅದೇ ವಾಸನೆ ಮೂಗಿಗೆ ಹೊಡೆಯಿತು. ಹೊನ್ನಾಳಿಯ ಹೊಳೆದಂಡೆಯ ಆ ಮಧ್ಯಾಹ್ನ ಎದುರಿಗೆ ಬಂದು ನಿಂತಿತು.

ಅಪ್ಪ ಅಂಬಿಗ. ಹರಿಗೋಲು ಮಾರಿ ಹಳೆಯ ಫೈಬರ್ ದೋಣಿ ಕೊಂಡು ಐದು ವರ್ಷವಾಗಿತ್ತು. ಕಾಲಿಟ್ಟರೆ ತಳ ಮೆತ್ತಗೆ ಕುಸಿಯುತ್ತದೆಂದು ದಾವಣಗೆರೆಯಿಂದ ಮೇಸ್ತ್ರಿಯನ್ನು ಕರೆಸಿದ್ದ. ಅವರು ಫೈಬರ್ ಅಂಟಿನ ಡಬ್ಬ ತೆರೆದಿಟ್ಟು, ತಳದ ಹಾಸನ್ನು ಕೊಯ್ದು ತೆಗೆದರು. ದೋಣಿಯನ್ನು ಒಳಗಿನಿಂದ ಬಿಗಿಹಿಡಿದಿದ್ದ ಉದ್ದದ ಪಟ್ಟಿಗಳು, ನಡುವಿನ ಅಡ್ಡಗೋಡೆ ಎಲ್ಲವೂ ಮರದವು, ಮೇಲೆ ಮಾತ್ರ ಫೈಬರ್ ಹೊದಿಕೆ. ಉಳಿ ತಾಗಿಸಿದ್ದೇ ತಡ, ಮರ ನೆನೆದ ರೊಟ್ಟಿಯಂತೆ ಕೈಗೆ ಬಂತು.

"ಹೊಸ ಮರ ಕೂರ್ಸಾಕೆ ಆಗಲ್ಲೇನ್ರಿ ಮೇಸ್ತ್ರಿ?" ಅಪ್ಪ ಕೇಳಿದ.

"ಯಾವುದಕ್ಕೆ ಅಂಟಿಸ್ಲಿ? ತಳಾನೂ ಪದರ ಬಿಟ್ಟೈತೆ, ಈ ದೋಣಿ ಇನ್ನು ನೀರಿಗಿಳಿಯಂಗಿಲ್ಲ." ಮೇಸ್ತ್ರಿ ಅಡ್ಡಗೋಡೆಯ ಬುಡ ತೋರಿಸಿದರು. "ಈ ತೂತು ನೀರು ಹರಿದು ಹೋಗಾಕೆ ಅಂತ ಬಿಟ್ಟಿದ್ದು. ಡಾಂಬರು ಮೆತ್ತಿದ್ದು ಯಾರ್ರಿ? ನೀರೆಲ್ಲ ಒಳಗೇ ನಿಂತು ಕೊಳೆಸೈತೆ."

ಹರಿಗೋಲಿನವರ ಮನೆಯಲ್ಲಿ ತೂತು ಕಂಡರೆ ಡಾಂಬರು ಮೆತ್ತುವುದು ರೂಢಿ. ಪ್ರತಿ ಬೇಸಿಗೆಯಲ್ಲೂ ಅಪ್ಪ ಡಾಂಬರು ಕಾಯಿಸುತ್ತಿದ್ದ. ಅಡ್ಡಗೋಡೆಯ ಬುಡದ ಆ ಸಂದಿಯಲ್ಲಿ ಅವನ ಕೈ ಹಿಡಿಸುತ್ತಿರಲಿಲ್ಲ. ಬೆಚ್ಚಗಿನ ಮುದ್ದೆಯನ್ನು ನಾನೇ ಒತ್ತುತ್ತಿದ್ದೆ. ಡಾಂಬರಿನ ಮೇಲೆ ನನ್ನ ಪುಟ್ಟ ಹೆಬ್ಬೆಟ್ಟಿನ ಗುರುತು ಹಾಗೇ ಇತ್ತು.

"ನಾನೇ ಮೆತ್ತಿದ್ದು," ಅಂದ ಅಪ್ಪ.

ಅಂದವನು ನನ್ನ ಬೆರಳುಗಳನ್ನು ತನ್ನ ಮುಷ್ಟಿಯೊಳಗೆ ಮುಚ್ಚಿಕೊಂಡ. ಮೇಸ್ತ್ರಿ ಸಾಮಾನು ಕಟ್ಟಿಕೊಂಡು ಹೊರಟುಹೋದರು. ಆಚೆ ದಡದಲ್ಲಿ ಯಾರೋ ದೋಣಿಗಾಗಿ ಕೂಗುತ್ತಲೇ ಇದ್ದರು. ಅಪ್ಪ ಓಗೊಡಲೂ ಇಲ್ಲ, ನನ್ನ ಕೈ ಬಿಡಲೂ ಇಲ್ಲ.