ಸಂತೆಯೆಲ್ಲ ಎತ್ತಿಕೊಂಡ ಪದ

ತಾನೇ ಕಟ್ಟಿದ ಕವಿತೆಯ ಮೊದಲ ಸಾಲು ಹೇಳಿ ಶಿವಮೂರ್ತಪ್ಪ ಉಸಿರೆಳೆದುಕೊಂಡದ್ದೇ ತಪ್ಪಾಯಿತು. ಆ ಸಂದಿನಲ್ಲಿ ಹೋಟೆಲಿನ ಬೆಂಚುಗಳ ಮೇಲೆ ಕೂತಿದ್ದ ಜನವೆಲ್ಲ ಒಂದೇ ಕೊರಳಿನಲ್ಲಿ ಅದೇ ಸಾಲನ್ನು ಎತ್ತಿ ಹಾಡಿಬಿಟ್ಟಿತು.

"ಸಿಟ್ಟು ಬಂದರೆ ಸೆರಗು ಕೊಡವುವಳು..."

ಇದು ಭಜನೆಯಲ್ಲ ಮಾರಾಯರೆ, ಸುಮ್ಮನಿರಿ ಎನ್ನಲು ಅವನು ಬಾಯಿ ತೆರೆದ. ಯಾರಿಗೆ ಅಂತ ಹೇಳುವುದು? ಕನ್ನಡ ನಾಡು ಒಂದಾದ ಖುಷಿಗೆಂದು ಶಿರಾಳಕೊಪ್ಪದ ಪಂಚಾಕ್ಷರಪ್ಪ ತನ್ನ ಕಾಫಿ ಹೋಟೆಲಿನಲ್ಲಿ ಶುರುಮಾಡಿದ ಕೂಟ ಇದು. ಸಂತೆಯ ದಿನ ದೀಪ ಹಚ್ಚುವ ಹೊತ್ತಿಗೆ ಯಾರು ಬೇಕಾದರೂ ಎದ್ದು ನಿಂತು ಹಾಡಬಹುದು, ತಾವೇ ಕಟ್ಟಿದ್ದನ್ನು ಹೇಳಬಹುದು. ಎರಡು ವರ್ಷವಾದರೂ ಒಂದು ವಾರ ತಪ್ಪಿರಲಿಲ್ಲ. ಒಬ್ಬ ಹೇಳಿದ ಸೊಲ್ಲನ್ನು ಉಳಿದವರು ಎತ್ತಿ ಹೇಳುವುದು ಅಲ್ಲಿಯವರಿಗೆ ಮಠದ ಭಜನೆಯಿಂದ ಬಂದ ರೂಢಿ. ತುಟಿ ಬಿಗಿದು ಕೂತರೆ ಹೇಳಿದವನಿಗೆ ಅವಮಾನ ಮಾಡಿದಂತೆ ಎಂದೇ ಅವರ ತಿಳಿವಳಿಕೆ. ಹಾಡಿಗೆ ಹಾಗೆ ಮಾಡುತ್ತಾರೆ, ಕವಿತೆಗೆ ಸುಮ್ಮನಿರುತ್ತಾರೆ ಎಂದು ಶಿವಮೂರ್ತಪ್ಪ ತನ್ನಷ್ಟಕ್ಕೆ ತಾನೇ ತೀರ್ಮಾನಿಸಿದ್ದ.

ಅವನ ಭಯಕ್ಕೆ ಕಾರಣ ಕಿಟಕಿಯ ಆಚೆ ಕಮಾನುಗಾಡಿಯಲ್ಲಿ ಕೂತಿತ್ತು. ಹೆಂಗಸರು ಹೋಟೆಲಿನೊಳಗೆ ಬರುವ ಕಾಲವಲ್ಲ ಅದು. ಅವನ ಹೆಂಡತಿ ಶಕುಂತಲಮ್ಮನಿಗೆ ಕಾಫಿಯ ಲೋಟ ಗಾಡಿಗೇ ಹೋಗಿತ್ತು. ಮಗಳನ್ನು ಕೊಟ್ಟು ಅಳಿಯನನ್ನು ಕಂಡಿದ್ದರೂ ಈ ಮಹಾರಾಯ ಹೆಂಡತಿಯ ಮುಂದೆ ಒಂದು ನಯದ ಮಾತು ಆಡಿದವನಲ್ಲ. ಹೋದ ತಿಂಗಳು ಅವಳು ತವರಿಗೆ ಹೋದಾಗ ಮನೆ ಬಿಕೋ ಎಂದು, ನೇಗಿಲ ಹಿಂದೆ ನಡೆಯುತ್ತಲೇ ಈ ನಾಲ್ಕು ಸಾಲು ಹುಟ್ಟಿದ್ದವು. ಎದುರಿಗೆ ನಿಂತು ಹೇಳುವ ಧೈರ್ಯವೆಲ್ಲಿ? ಹತ್ತು ಜನರಿಗೆ ಹೇಳಿದ ಹಾಗೆ ಹೇಳಿದರೆ ಕಿಟಕಿಯಾಚೆ ಅವಳೊಬ್ಬಳಿಗೆ ತಿಳಿಯುತ್ತದೆ, ಬೇರೆ ನರಪಿಳ್ಳೆಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿ ಬಂದಿದ್ದ. ಪಾಪ, ಲೆಕ್ಕ ಚೆನ್ನಾಗಿಯೇ ಇತ್ತು.

ಅಷ್ಟರಲ್ಲಿ ಪಂಚಾಕ್ಷರಪ್ಪ ಗಲ್ಲಾಪೆಟ್ಟಿಗೆಯ ಪಕ್ಕದ ಹಾರ್ಮೋನಿಯಂ ಎಳೆದುಕೊಂಡು ಆ ಸಾಲಿಗೊಂದು ಮಟ್ಟು ಹುಡುಕಿಯೂ ಆಗಿತ್ತು. ಕುರಿ ಮಾರಲು ಬಂದ ದೊಡ್ಡಬೀರಪ್ಪ ಬೆಂಚಿನ ಮೇಲೆಯೇ ತಾಳ ಬಡಿಯತೊಡಗಿದ. ಇನ್ನು ನಿಲ್ಲಿಸುವ ಹಾಗಿಲ್ಲ. ಬೇಡವೆಂದರೂ ಇನ್ನೊಂದು ರೊಟ್ಟಿ ಹಾಕುವಳು ಎಂದು ಶಿವಮೂರ್ತಪ್ಪ ಎರಡನೆಯ ಸಾಲು ಹೇಳಿದ. ರೊಟ್ಟಿ ಎಂದ ಕೂಡಲೇ ಜನಕ್ಕೆ ಹುರುಪು ಹೆಚ್ಚಿ, ಅದನ್ನೇ ಮತ್ತೆ ಮತ್ತೆ ಹಾಡಿದರು.

ಮೂರನೆಯ ಸಾಲಿನಲ್ಲಿ ಶಕುಂತಲಮ್ಮನ ಗದ್ದದ ಮೇಲಿನ ಮಚ್ಚೆ ಇತ್ತು. ಅದನ್ನು ನುಂಗಿಬಿಡೋಣವೆಂದು ನೋಡಿದ. ಪಂಚಾಕ್ಷರಪ್ಪ ಬಿಡಲಿಲ್ಲ, ಹಾರ್ಮೋನಿಯಂ ಮೇಲೆ ದಾರಿ ತೋರಿಸುತ್ತ ಮುಂದೆ ಮುಂದೆ ಎಂದು ತಲೆಯಾಡಿಸಿದ. ಶಿವಮೂರ್ತಪ್ಪ ಪಿಸುಗುಟ್ಟಿದ, ಜನ ಕೂಗಿ ಹಾಡಿತು. ದೊಡ್ಡಬೀರಪ್ಪನ ತಾಳ ನಡುವೆಯೇ ನಿಂತಿತು. ಅವನು ಕಿಟಕಿಯಾಚೆಯ ಗಾಡಿಯತ್ತ ನೋಡಿ, ಶಿವಮೂರ್ತಪ್ಪನತ್ತ ನೋಡಿದ.

"ಯಜಮಾನ್ರ, ಇದು ನಮ್ಮ ಅಕ್ಕಾರ ಪದ ಅಲ್ಲೇನ್ರಿ?"

ಹೋಟೆಲು ಗೊಳ್ಳೆಂದಿತು. ಆದರೆ ಆ ನಗೆಯಲ್ಲಿ ಕುಚೋದ್ಯವಿರಲಿಲ್ಲ. ಅವಳು ಊರಲ್ಲಿಲ್ಲದ ದಿನ ಮನೆಯೆಂಬುದು ಬರೀ ಗೋಡೆ ಎಂದು ಅವನು ಕೊನೆಯ ಸಾಲು ಮುಗಿಸಿದಾಗ, ಮನೆಯಲ್ಲಿ ಹೆಂಡತಿಯ ಮೇಲೆ ಗುರ್ರೆನ್ನುವುದೇ ಗಂಡಸುತನವೆಂದು ತಿಳಿದಿದ್ದವರೆಲ್ಲ ಕಣ್ಣು ಮುಚ್ಚಿಕೊಂಡು ಅದನ್ನು ಹಾಡಿದರು. ಯಾರಿಗೂ ನಿಲ್ಲಿಸಲು ಮನಸ್ಸಿರಲಿಲ್ಲ. ಪಂಚಾಕ್ಷರಪ್ಪನಂತೂ ಒಳಗೆ ಹಾಲು ಉಕ್ಕಿದ್ದನ್ನೂ ಮರೆತಿದ್ದ.

ಶಿವಮೂರ್ತಪ್ಪ ಹೊರಗೆ ಬಂದಾಗ ಗಾಡಿಯ ಪರದೆ ಇಳಿಬಿಟ್ಟಿತ್ತು. ಸತ್ತೆನಪ್ಪ ಎಂದುಕೊಂಡು ಎತ್ತು ಹೂಡಿದ. ಊರು ದಾಟಿ, ಕೆರೆಯ ಏರಿ ಹತ್ತಿದರೂ ಪರದೆಯ ಹಿಂದಿನಿಂದ ಒಂದು ಮಾತಿಲ್ಲ. ಸಂತೆಯ ಮುಂದೆ ಅವಳ ಮಾನ ಕಳೆದೆ, ಇನ್ನು ಜನ್ಮದಲ್ಲಿ ಅವಳು ಈ ಕಡೆ ಗಾಡಿ ಹತ್ತುವುದಿಲ್ಲ ಎಂದು ಅವನಿಗೆ ಸಂಕಟವಾಯಿತು.

"ತಪ್ಪಾತು," ಎಂದ ಕೊನೆಗೆ, ಎತ್ತಿನ ಬೆನ್ನು ನೋಡುತ್ತಲೇ. "ಜನ ಹಂಗೆ ಎತ್ಕಂತಾರೆ ಅಂತ ಅನ್ಕಂಡಿರ್ಲಿಲ್ಲ."

ಪರದೆ ಸರಿಯಿತು. ಶಕುಂತಲಮ್ಮ ಮುಂದಕ್ಕೆ ಜರುಗಿ ಅವನ ಹಿಂದೆಯೇ ಬಂದು ಕೂತಳು.

"ಇಡೀ ಸಂತೆ ಹೇಳಿದ್ದು ಕೇಳ್ತು. ನಿಮ್ಮ ದನಿ ಒಂದು ಮಾತ್ರ ಕೇಳ್ಲಿಲ್ಲ."

ಶಿವಮೂರ್ತಪ್ಪನ ಕೈಯಲ್ಲಿ ಹಗ್ಗ ಸಡಿಲಾಯಿತು. ಎತ್ತುಗಳು ತಾವಾಗಿ ನಿಧಾನವಾದವು.

"ಈಗ ನೀವು ಹೇಳ್ರಿ," ಎಂದಳು. "ಇಲ್ಲಿ ಎತ್ಕಳೋರು ಯಾರೂ ಇಲ್ಲ."